ಕಮಾಂಡ್ ಮಾವ
ನಮ್ಮ ಆಫೀಸಿನ ಚಾಟ್‌ಬಾಟ್‌ಗಳೆಲ್ಲ, ನಾವು ಕಮಾಂಡ್ ಮಾವ ಎಂದು ಕರೆಯುವ ಹಿರಿಯರ ಅಂಕೆಯಲ್ಲಿವೆ. ಬಸ್ಸಿನ ವೇಳೆ ಹೇಳುವುದು, ಕರೆಂಟಿನ ದೂರು ಕೇಳುವುದು, ನೀರಿನ ಸರದಿ ತಿಳಿಸುವುದು, ಯಾವುದೇ ಬಾಟ್ ಇರಲಿ, ಕಪ್ಪು ಪರದೆಯಲ್ಲಿ ಕಮಾಂಡ್ ಟೈಪಿಸಿಯೇ ಮಾವ ಅದನ್ನು ಎಬ್ಬಿಸುತ್ತಾರೆ, ಮಲಗಿಸುತ್ತಾರೆ. ಮೌಸ್ ಹಿಡಿದವರನ್ನು ಕಂಡರೆ ಅವರಿಗಾಗದು. ಅವರ ಮೌಸು ಇರುವುದು ಫ್ಯಾನ್ ಗಾಳಿಗೆ ಕಾಗದ ಹಾರದಿರಲಿ ಎಂದು. ಎಂಟರ್ ಒತ್ತುವ ಮುಂಚೆ ಕನ್ನಡಕ ಒರೆಸಿ, ಸಾಲನ್ನು ಗಟ್ಟಿಯಾಗಿ ಓದಿಕೊಳ್ಳುತ್ತಾರೆ. ಆಮೇಲೆ ಒತ್ತುವ ರಭಸಕ್ಕೆ ಪಕ್ಕದವರ ಚಹಾ ತುಳುಕುತ್ತದೆ. ಫೋನಿನಲ್ಲಿ ಹೆಂಡತಿಗೂ "ಸರಿ. ಆಯ್ತು. ಮುಂದೆ?" ಎಂಬಷ್ಟೇ ಉತ್ತರ. ಬಾಟ್‌ಗಳು ಸಲಿಗೆ ತೋರಿದರಂತೂ ಮೈಯೆಲ್ಲ ಉರಿ. ಅವುಗಳ ಉತ್ತರಗಳಲ್ಲಿ ನಾವು ಅಕ್ಕರೆಯಿಂದ ಬರೆದಿಟ್ಟ "ಅಮ್ಮಾ", "ಅಣ್ಣಾ"ಗಳನ್ನೆಲ್ಲ ಒಂದೇ ಕಮಾಂಡಿನಲ್ಲಿ ಗುಡಿಸಿ ಹಾಕಿ, "ಯಂತ್ರಕ್ಕೆಂಥಾ ಸಂಬಂಧ ರೀ? ಕೇಳಿದ್ದಕ್ಕೆ ಉತ್ತರ ಕೊಡ್ಲಿ, ಸಾಕು" ಎನ್ನುತ್ತಾರೆ. ಬಳಸುವವರೇ ಇಲ್ಲವೆಂದು ಹೋದ ತಿಂಗಳು ನೀರಿನ ಬಾಟನ್ನು ನಿಲ್ಲಿಸಲು ಮೇಲಿನಿಂದ ಆದೇಶ ಬಂತು. ಮಾವ ಅವತ್ತೇ ಕಮಾಂಡ್ ಕೊಟ್ಟು ನಿಲ್ಲಿಸಿದರು. ಮೊನ್ನೆ ಬೆಳಿಗ್ಗೆ ಬೇಗ ಬಂದವನು ಸುಮ್ಮನೆ ಅವರ ಬೆನ್ನ ಹಿಂದೆ ನಿಂತೆ. ಬಾಟ್ ನಿಂತದ್ದು ತಿಳಿಯದ ಯಾರೋ ಅಜ್ಜಿಯ ಪ್ರಶ್ನೆ ಪರದೆಯ ಮೇಲಿತ್ತು: "ಇವತ್ತು ನೀರು ಬರುತ್ತಾ ಮಗಾ?" ಮಾವ ನೀರಿನ ಆಫೀಸಿಗೆ ಫೋನ್ ಮಾಡಿ ವಿಚಾರಿಸಿ, ತಾವೇ ಟೈಪಿಸಿದರು: "ಹನ್ನೊಂದಕ್ಕೆ ಬರುತ್ತೆ ಅಜ್ಜಿ. ಕೊಡ ನೀವು ಎತ್ತಬೇಡಿ, ಯಾರನ್ನಾದ್ರೂ ಕರೀರಿ." "ಯಂತ್ರಕ್ಕೆಂಥಾ ಸಂಬಂಧ ಮಾವ?" ಎಂದು ಕೆಣಕಿದೆ. ತಿರುಗಿಯೂ ನೋಡದೆ ಹೇಳಿದರು: "ಯಂತ್ರಾನ ಆವತ್ತೇ ನಿಲ್ಲಿಸಿದೀನಲ್ಲಯ್ಯಾ."