ಹಿಂದಿನ ಗಾಲಿಗೂ ಉದ್ದನೆಯ ಸ್ಟಡ್

ಹೊನ್ನಾಳಿಯಲ್ಲಿ ಒಬ್ಬರು ಕಾರು ಮಾರುವ ಮುಂಚೆ ಅದರ ಅಲಾಯ್ ಗಾಲಿಗಳನ್ನು ಬಿಚ್ಚಿಟ್ಟುಕೊಂಡಿದ್ದರು. ಅವನ್ನು ಕೊಳ್ಳಲು ಹೋದವನು ಎದ್ದು ಹೊರಟಂತೆ ಮಾಡಿ, ಚಪ್ಪಲಿ ಮೆಟ್ಟಿ, ಕೊನೆಗೂ ನನ್ನ ರೇಟಿಗೆ ಒಪ್ಪಿಸಿದೆ. ನನ್ನ ಹೆಂಡತಿ ಡ್ರೈವಿಂಗ್ ಕಲಿತ ಮೇಲೆ ಮೊದಲ ಸಲ ಒಬ್ಬಳೇ ಜಗಳೂರಿಗೆ ಹೋಗಿ ತನ್ನ ತಾಯಿಯನ್ನು ಕರೆತರುವವಳಿದ್ದಳು. ತವರಿನವರ ಮುಂದೆ ನಮ್ಮ ಹಳೇ ಕಾರು ಲಕ್ಷಣವಾಗಿ ಕಾಣಲಿ ಅಂತ ನನಗೂ ಆಸೆ.

ಚನ್ನಗಿರಿಯ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಒಂದು ಗಾಲಿ ಕೂರಿಸಿ, ನಟ್ಟನ್ನು ಬೆರಳಲ್ಲೇ ತಿರುಗಿಸಿ ನೋಡಿ, ಕೈ ಬಿಟ್ಟರು. ಅಲಾಯ್ ದಪ್ಪ. ನಟ್ಟು ಕಚ್ಚಿಕೊಳ್ಳುವ ಬೋಲ್ಟು, ಅವರ ಬಾಯಲ್ಲಿ ಸ್ಟಡ್, ಗಾಲಿಯಿಂದಾಚೆ ಚೂರೇ ಚೂರು ಇಣುಕುತ್ತಿತ್ತು. ಹಳೆಯವನ್ನು ಹೊಡೆದು ತೆಗೆದು ಉದ್ದನೆಯವು ಹಾಕಬೇಕು ಅಂದರು. ಹಳೇ ಅಲಾಯ್ ಕೊಳ್ಳುವವರು ಮೊದಲು ಒಂದು ಗಾಲಿ ಕೂರಿಸಿ, ನಟ್ಟು ಎಷ್ಟು ಸುತ್ತು ಹಿಡಿಯುತ್ತದೆ ನೋಡಿ, ಆಮೇಲೆ ದರ ಮಾತಾಡಿ. ನಾನು ದರ ಮೊದಲು ಮುಗಿಸಿದ್ದೆ.

ಅಲ್ಲೂ ಚೌಕಾಸಿಗೆ ಇಳಿದೆ. ಗಾಡಿ ಎಳೆಯುವುದೂ ತಿರುಗುವುದೂ ಮುಂದಿನ ಗಾಲಿ ತಾನೇ, ಅವೆರಡಕ್ಕೆ ಹೊಸ ಸ್ಟಡ್ ಹಾಕಿ, ಹಿಂದಿನವು ಹಾಗೇ ಇರಲಿ ಎಂದು ವಾದಿಸಿದೆ. ಮೆಕ್ಯಾನಿಕ್ ನಟ್ಟು ಬಿಗಿಯುವ ಪಾನಾ ಒರೆಸುತ್ತಾ, ಜೊತೆಗೆ ಬಂದಿದ್ದ ನನ್ನ ಹೆಂಡತಿಯ ಮುಖ ನೋಡಿದರು.

"ರೀ, ನಮ್ಮವ್ವ ಕೂರೋದು ಹಿಂದೆ," ಅಂದಳು. "ನಾಲ್ಕಕ್ಕೂ ಹಾಕಿಸ್ರಿ. ಇಲ್ಲಾಂದ್ರೆ ಈ ಗಾಲಿ ಮನೆ ಮುಂದೆ ಇಟ್ಕಂಡು ನೋಡ್ತಾ ಕೂತ್ಕಳ್ರಿ, ನಾನು ಬಸ್ಸಿಗೆ ಹೋಗ್ತೀನಿ."

ಹೊಸ ಗಾಲಿ ಹಾಕಿಸಿ ಹೆಂಡತಿಯನ್ನು ಬಸ್ಸಿಗೆ ಅಟ್ಟಿದ ಅಳಿಯ ಎಂಬ ಹೆಸರು ಜಗಳೂರಿನಲ್ಲಿ ನನಗೆ ಬೇಡವಾಗಿತ್ತು. ನಾಲ್ಕಕ್ಕೂ ಹಾಕಿಸಿದೆ. ಹೊಸ ಸ್ಟಡ್ ಹಾಕಿದ ಮೇಲೆ ಒಂದಷ್ಟು ದೂರ ಓಡಿಸಿ ಮತ್ತೊಮ್ಮೆ ಬಿಗಿ ಮಾಡಲೇಬೇಕೆಂದು ಮೆಕ್ಯಾನಿಕ್ ಹೇಳಿದ್ದನ್ನು ನಾನು ಮನೆಯಲ್ಲಿ ಅವಳ ತಲೆ ಚಿಟ್ಟು ಹಿಡಿಯುವ ತನಕ ಹೇಳಿದೆ.

ಮರುದಿನ ಜಗಳೂರಿನಿಂದ ಫೋನ್ ಮಾಡಿದ್ದು ನಮ್ಮತ್ತೆ.

"ಅಳಿಯಂದ್ರೇ, ಬಂದವಳು ನೀರೂ ಕುಡೀಲಿಲ್ಲ, ಗಾಲಿ ಮುಂದೆ ಪಾನಾ ಹಿಡ್ಕಂಡು ಕೂತಾಳೆ. ನನ್ನ ಕರ್ಕಂಡು ಹೋಗಾಕೆ ಬಂದಾಳೋ, ಕಾರು ಬಿಚ್ಚಾಕೆ ಬಂದಾಳೋ?"

ಎದುರುಬದುರು ನಟ್ಟು ಬಿಗಿ ಮಾಡಾಕೆ ಹೇಳ್ರಿ ಅತ್ತೆ, ಒಂದೇ ಕಡೆಯಿಂದ ಬ್ಯಾಡ ಅಂದೆ. ಹಿಂದಿನಿಂದ ಹೆಂಡತಿಯ ದನಿ ಕೇಳಿತು: "ಹಂಗೇ ಮಾಡೀನಿ ಅನ್ನವ್ವ. ಒಂದೂ ಅಲುಗಿಲ್ಲ. ನೀ ಹತ್ತು."

ಅತ್ತೆ ಫೋನ್ ಆಫ್ ಮಾಡುವುದನ್ನು ಮರೆತರು. ಕಾರಿನ ಬಾಗಿಲು ಮುಚ್ಚಿದ ಸದ್ದು ಕೇಳುವವರೆಗೆ ನಾನೂ ಫೋನ್ ಇಡಲಿಲ್ಲ.