ಅಂಕೋಲೆ ಎಲೆ ತಂದವನ ಅಕ್ಕ

ಮೊನ್ನೆ ಭಾನುವಾರ ಮಗಳು ಹಜಾರದಲ್ಲಿ ಕೂತು ಉಗುರಿನ ಹಳೆಯ ಬಣ್ಣ ಅಳಿಸುತ್ತಿದ್ದಳು. ಅಡುಗೆಮನೆಯಲ್ಲಿದ್ದ ನನಗೆ ಆ ವಾಸನೆ ಬಡಿಯಿತು. ಹಣ್ಣಾಗಿ ಮಾಗಿ ಇನ್ನೇನು ಕೆಡಬೇಕು ಎನ್ನುವ ಸೀಬೆಯಂಥ, ಸಿಹಿಯೂ ಘಾಟೂ ಕೂಡಿದ ವಾಸನೆ. ನಮ್ಮ ಪ್ರಯೋಗಾಲಯದಲ್ಲಿ ಸದಾ ಇರುತ್ತಿದ್ದ ದ್ರಾವಕದ ವಾಸನೆ ಅದೇ. ಸೀರೆಗೆ, ಕೂದಲಿಗೆ, ಊಟದ ಡಬ್ಬಿಗೆ ಎಲ್ಲಕ್ಕೂ ಅಂಟಿಕೊಂಡು ಮನೆಗೆ ಬರುತ್ತಿತ್ತು. ಒಗ್ಗರಣೆ ಸೀದಿದ್ದು ನನಗೆ ತಿಳಿಯಲೇ ಇಲ್ಲ. ಮಾಲೂರಿನ ಈ ಮನೆ, ಈ ಮಗಳು, ಈ ಪಿಯು ಕಾಲೇಜಿನ ಕೆಲಸ ಯಾವುದೂ ಇಲ್ಲದಿದ್ದ ಆ ದಿನಗಳಿಗೆ ಹೋಗಿಬಿಟ್ಟಿದ್ದೆ... ಅಲ್ಲಿ ನನ್ನ ಮೇಡಂ ಇದ್ದರು.

ನಾನು ಕೋಲಾರದಲ್ಲಿ ಅವರ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದೆ. ಗಿಡದ ಎಲೆಯೊಳಗೆ, ಗಿಡಕ್ಕೆ ಯಾವ ತೊಂದರೆಯನ್ನೂ ಕೊಡದೆ ಬಾಳುವ ಶಿಲೀಂಧ್ರಗಳಿರುತ್ತವೆ. ಕಣ್ಣಿಗೆ ಕಾಣುವುದಿಲ್ಲ. ಎಲೆಯ ಹೊರಮೈಯನ್ನು ಸ್ಪಿರಿಟ್ಟಿನಿಂದ ಶುದ್ಧ ಮಾಡಿ, ಚಿಕ್ಕ ಚೂರುಗಳಾಗಿ ಕತ್ತರಿಸಿ ಗಾಜಿನ ತಟ್ಟೆಯಲ್ಲಿಟ್ಟರೆ ಕೆಲವು ದಿನಗಳಲ್ಲಿ ಅಂಚಿನಿಂದ ಬಿಳಿ ಹತ್ತಿಯ ಹಾಗೆ ಹೊರಗೆ ಬರುತ್ತವೆ. ಅವನ್ನು ಬೆಳೆಸಿ, ಅವು ಬಿಡುವ ರಸವನ್ನು ದ್ರಾವಕದಲ್ಲಿ ತೆಗೆದು, ಅದು ಯಾವ ರೋಗಾಣುವನ್ನು ಕೊಲ್ಲುತ್ತದೆ ಎಂದು ನೋಡುವುದು ನಮ್ಮ ಕೆಲಸ. ಮಾತ್ರೆ, ಇಂಜೆಕ್ಷನ್ನುಗಳಿಗೆ ಬಗ್ಗದ ರೋಗಾಣುಗಳೇ ಹೆಚ್ಚುತ್ತಿರುವಾಗ ಹೊಸ ಮದ್ದು ಎಲ್ಲಿಂದಾದರೂ ಬರಲೇಬೇಕಲ್ಲ ಎಂಬುದು ಮೇಡಂ ನಂಬಿಕೆ.

ಮೇಡಂ ಊರು ಸುಗಟೂರು. ತಾಯಿ ಬೇಗ ತೀರಿಕೊಂಡಿದ್ದರಿಂದ ತಮ್ಮನನ್ನು ಸಾಕಿದ್ದು ಅವರೇ. ಹಿಪ್ಪುನೇರಳೆ ಸೊಪ್ಪು ಬಿಡಿಸುತ್ತ, ರೇಷ್ಮೆಹುಳುವಿನ ತಟ್ಟೆಗೆ ಹಾಕುತ್ತ, ಪಕ್ಕದಲ್ಲಿ ಅವನನ್ನು ಕೂರಿಸಿಕೊಂಡು ಮಗ್ಗಿ ಹೇಳಿಸುತ್ತಿದ್ದರಂತೆ. ಮೇಡಂ ಓದಿ ಕಾಲೇಜು ಸೇರಿದರು, ಅವನು ಲಾರಿ ಹತ್ತಿದ. ಮದುವೆಯಾಗಿ ಆಂಧ್ರದ ಗಡಿಗೆ ಹತ್ತಿರದ ನಂಗಲಿಯಲ್ಲಿ ಮನೆ ಮಾಡಿದ. ಮೇಡಂ ಮದುವೆಯಾಗಲಿಲ್ಲ.

ತಮ್ಮ ಆಗಾಗ ಪ್ರಯೋಗಾಲಯದ ಬಾಗಿಲಿಗೆ ಬರುತ್ತಿದ್ದ. ಗಟ್ಟಿ ದನಿ, ದೊಡ್ಡ ನಗು. ಲಾರಿ ನಿಂತ ಕಡೆಯೆಲ್ಲ ಬೇಲಿಯಲ್ಲಿ, ಬಂಡೆಯ ಸಂದಿಯಲ್ಲಿ ಕಂಡ ಗಿಡದ ಎಲೆಗಳನ್ನು ಕವರಿನಲ್ಲಿ ಕಟ್ಟಿಕೊಂಡು ಬಂದು ಮೇಜಿನ ಮೇಲೆ ಇಡುತ್ತಿದ್ದ.

"ತಗೋ ಅಕ್ಕಾ ನಿನ್ನ ಸೊಪ್ಪು. ಮರೆತು ಬಸ್ಸಾರು ಮಾಡಿಬಿಟ್ಟೀಯ!" ಅನ್ನುತ್ತಿದ್ದ. ನಮ್ಮ ಕಡೆ ತಿರುಗಿ, "ಏನಮ್ಮಾ, ನಿಮ್ಮನ್ನೂ ಹಿಂಗೇ ಗದರಿಸ್ತಾಳಾ ನಮ್ಮಕ್ಕ?" ಎಂದು ಕೇಳುತ್ತಿದ್ದ. ಆಗ ಮೇಡಂ ಮುಖದಲ್ಲಿ ಬರುತ್ತಿದ್ದ ನಗೆ ಬೇರೆ ಯಾರಿಗೂ ಸಿಗುತ್ತಿರಲಿಲ್ಲ.

ಒಂದು ಸಲ ಅವನು ಅಂಕೋಲೆ ಮರದ ಎಲೆ ತಂದ. ಅವರ ಕಡೆ ಅದನ್ನು ತೆಲುಗಿನಲ್ಲಿ ಊಡುಗ ಅನ್ನುತ್ತಾರೆ. "ನಂಗಲಿ ದಾಟಿ ಒಂದು ಹಾಳುಬಾವಿ ಐತೆ, ಅದರ ಪಕ್ಕದ್ದು" ಅಂದ. ಆ ಎಲೆಯೊಳಗಿಂದ ಬಂದ ಒಂದು ಬೂದು ಬಣ್ಣದ ಶಿಲೀಂಧ್ರವನ್ನು ನಾನೇ ಬೆಳೆಸಿದೆ. ಅದರ ರಸ ಒಣಗಿದಾಗ ಬೆಲ್ಲದ ಪಾಕದಂತೆ ಕಂದು ಅಂಟಾಗಿ ಸೀಸೆಯ ತಳದಲ್ಲಿ ಕೂತಿತು. ಪರೀಕ್ಷೆಗಳು ಒಂದೊಂದಾಗಿ ಶುರುವಾಗಿದ್ದವು.

ಅಷ್ಟರಲ್ಲಿ ತಮ್ಮನ ಕಾಲಿಗೆ ಗಾಯವಾಯಿತು. ಸಕ್ಕರೆ ಕಾಯಿಲೆ ಬಹಳ ದಿನದಿಂದ ಇದ್ದಿರಬೇಕು, ಅವನಿಗೆ ಗೊತ್ತಿರಲಿಲ್ಲ. ಪಾದದಲ್ಲಿ ಸ್ಪರ್ಶವೇ ಸತ್ತಿತ್ತು. ಚಪ್ಪಲಿಯೊಳಗೆ ಮೊಳೆ ಚುಚ್ಚಿಕೊಂಡಿದ್ದೂ ತಿಳಿಯದೆ ಚಿತ್ತೂರಿನ ತನಕ ಗಾಡಿ ಓಡಿಸಿಕೊಂಡು ಹೋಗಿ ಬಂದಿದ್ದ. ಹೆಂಡತಿ ನೋಡುವ ಹೊತ್ತಿಗೆ ಪಾದ ಊದಿ ಕಪ್ಪಾಗತೊಡಗಿತ್ತು. ಕೋಲಾರದ ಆಸ್ಪತ್ರೆಗೆ ಸೇರಿಸಿದರು. ಡಾಕ್ಟರುಗಳು ಕೈಲಾದದ್ದನ್ನೆಲ್ಲ ಮಾಡಿದರು. ಕೀವಿನ ಪರೀಕ್ಷೆಯ ವರದಿ ಬಂದಾಗ ಮೇಡಂ ಅದನ್ನು ಹಿಡಿದು ಕಿಟಕಿಯ ಹತ್ತಿರ ಹೋಗಿ ನಿಂತರು. ಬರೆದಿದ್ದ ಹೆಚ್ಚಿನ ಔಷಧಿಗಳ ಮುಂದೆ, ಕೆಲಸ ಮಾಡುವುದಿಲ್ಲ ಎಂದೇ ಇತ್ತು.

ಆಸ್ಪತ್ರೆಯವರು ಮೊದಲಿಂದಲೂ ನಮ್ಮ ಪರೀಕ್ಷೆಗಳಿಗೆ ರೋಗಾಣುಗಳ ಮಾದರಿ ಕೊಡುತ್ತಿದ್ದರು. ಯಾರವು ಎಂದು ನಮಗೆ ಗೊತ್ತಿರುತ್ತಿರಲಿಲ್ಲ. ಈ ಸಲ ಮಾತ್ರ ಮೇಡಂ ತಾವೇ ಹೋಗಿ ತಮ್ಮನ ಕಾಲಿನದನ್ನು ಕೇಳಿ ತಂದರು. ತಟ್ಟೆಯ ಮೇಲೆ ಆ ರೋಗಾಣುವನ್ನು ಹರಡಿ, ನಮ್ಮ ಸೀಸೆಗಳ ರಸದಲ್ಲಿ ಅದ್ದಿದ ಕಾಗದದ ಬಿಲ್ಲೆಗಳನ್ನು ಅಲ್ಲಲ್ಲಿ ಇಟ್ಟರು. ಮರುದಿನ ಬೆಳಿಗ್ಗೆ ತಟ್ಟೆ ತೆಗೆದು ಬೆಳಕಿಗೆ ಹಿಡಿದಾಗ ನಾನು ಪಕ್ಕದಲ್ಲೇ ಇದ್ದೆ. ಉಳಿದ ಬಿಲ್ಲೆಗಳ ಸುತ್ತ ರೋಗಾಣು ಮೊಸರಿನ ಕೆನೆಯಂತೆ ಬೆಳೆದಿತ್ತು. ಅಂಕೋಲೆಯ ಬಿಲ್ಲೆಯ ಸುತ್ತ ಮಾತ್ರ ಖಾಲಿ. ಸ್ವಚ್ಛವಾದ, ಅಗಲವಾದ ಒಂದು ವೃತ್ತ. ತಮ್ಮನೇ ತಂದುಕೊಟ್ಟ ಎಲೆಯೊಳಗಿಂದ ಬಂದದ್ದು ತಮ್ಮನ ಕಾಲಿನ ರೋಗಾಣುವನ್ನು ಕೊಂದಿತ್ತು.

ಮೇಡಂ ತಟ್ಟೆಯನ್ನು ಇಟ್ಟವರೇ ಆಸ್ಪತ್ರೆಗೆ ಹೊರಟರು. ನಾನೂ ಊಟದ ಚೀಲ ಹಿಡಿದು ಹಿಂದೆ ಹೋದೆ. ಅವನಿಂದ ಅವರು ಏನನ್ನೂ ಮುಚ್ಚಿಟ್ಟವರಲ್ಲ. ಮಂಚದ ಅಂಚಿಗೆ ಕೂತು ಅವನ ಕೈ ಹಿಡಿದು, "ನೀನು ತಂದ ಎಲೇಲಿ ಇದ್ದಿದ್ದು ನಿನ್ನ ಕಾಲಿನ ಹುಳಾನ ಸಾಯಿಸ್ತು ಕಣೋ" ಅಂದರು. ಹೇಳಿದ ಮರುಗಳಿಗೆಯೇ ಅವರ ಮುಖ ಬದಲಾಯಿತು. ತಾನು ಏನು ಹೇಳಿದೆ ಎಂಬುದು ಅವರಿಗೆ ಆಗಲೇ ಹೊಳೆದಿತ್ತು.

ಅವನು ತಲೆದಿಂಬಿನಿಂದ ಎದ್ದು ಕೂತ. "ಮತ್ತೆ ತಂದು ಹಾಕಕ್ಕಾ! ಇನ್ನೇನು ನೋಡ್ತಿದೀಯ?"

"ಅದು ತಟ್ಟೇಲಿ ಕಣೋ. ಇನ್ನೂ ಔಷಧಿ ಆಗಿಲ್ಲ. ಮೈಮೇಲೆ ಹಾಕಿದ್ರೆ ಏನಾಗುತ್ತೋ ನನಗೆ ಗೊತ್ತಿಲ್ಲ."

"ಏನಾಗುತ್ತೆ? ಕಾಲು ತೆಗೀತೀವಿ ಅಂತ ಅವರು ಹೇಳ್ತಾನೇ ಅವ್ರೆ. ಕಾಲು ಹೋದ್ರೆ ಸ್ಟೇರಿಂಗ್ ಹಿಡಿಯೋದೆಂಗೆ ನಾನು?"

ಅವನ ಹೆಂಡತಿ ಮಂಚದ ಆ ಕಡೆ ನಿಂತಿದ್ದಳು. ಆ ಭಾಗದವರು ಗಂಡನ ಅಕ್ಕನನ್ನು ವದಿನ ಎಂದೇ ಕರೆಯುತ್ತಾರೆ. "ವದಿನಾ, ನಿಮ್ಮ ಹತ್ರ ಐತೆ ಅಂತ ನೀವೇ ಹೇಳ್ತಿದೀರ. ಯಾರಿಗೆ ಅಂತ ಇಟ್ಕೊಂಡಿದೀರ ಅದನ್ನ?" ಎಂದು ಕೇಳಿದಳು. ಮೇಡಂ ಎದ್ದು ಡಾಕ್ಟರ ಹತ್ತಿರ ಹೋದರು. ಕೇಳಿದ್ದಕ್ಕೆ ಅವರೂ ಬೇಡವೆಂದು ತಲೆಯಾಡಿಸಿದರು. ಪರೀಕ್ಷೆಯಾಗದ ವಸ್ತುವನ್ನು ರೋಗಿಯ ಮೇಲೆ ಹಾಕಲು ತಮ್ಮಿಂದಾಗದು ಎಂದು ಮೆಲ್ಲಗೆ ಹೇಳಿದರು.

ಆ ಮಧ್ಯಾಹ್ನ ಮೇಡಂ ಆ ಚಿಕ್ಕ ಸೀಸೆಯನ್ನು ಫ್ರಿಜ್ಜಿನಿಂದ ತೆಗೆದು ಕರವಸ್ತ್ರದಲ್ಲಿ ಸುತ್ತಿ ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡಿದ್ದನ್ನು ನೋಡಿದೆ. ನನ್ನ ಕಡೆ ನೋಡದೆ ಹೊರಟುಹೋದರು. ಮೆಟ್ಟಿಲಿಳಿದು, ಗೇಟು ದಾಟಿ, ಆಟೋ ನಿಲ್ಲಿಸಿದ್ದೂ ಕಿಟಕಿಯಿಂದ ಕಂಡಿತು. ಆಟೋ ಸ್ವಲ್ಪ ಹೊತ್ತು ಹಾಗೇ ನಿಂತಿತ್ತು. ಆಮೇಲೆ ಅವರಿಲ್ಲದೆ ಹೊರಟಿತು. ವಾಪಸ್ಸು ಬಂದು ಸೀಸೆಯನ್ನು ಇದ್ದ ಜಾಗದಲ್ಲೇ ಇಟ್ಟು, ಮೂಲೆಯ ಸ್ಟೂಲಿನ ಮೇಲೆ ಕೂತು, ಗೋಡೆಗೆ ಮುಖ ಮಾಡಿ ಅತ್ತರು. ನಾನು ಹತ್ತಿರ ಹೋದೆ. ಇನ್ನೊಂದು ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತೆ.

ಮೊಣಕಾಲ ಕೆಳಗೆ ಕಾಲು ತೆಗೆದರು. ಅಷ್ಟು ಹೊತ್ತಿಗೆ ನಂಜು ರಕ್ತಕ್ಕೆ ಏರಿತ್ತು. ಅವನು ಉಳಿಯಲಿಲ್ಲ. ಸುಗಟೂರಿನ ಹೊಲದಲ್ಲಿ ಮಣ್ಣು ಮಾಡಿದರು. ಅಲ್ಲಿ ಹೆಂಡತಿ ಅಳುತ್ತಲೇ ಮೇಡಂ ಕೈಯನ್ನು ತನ್ನ ಭುಜದಿಂದ ಸರಿಸಿದ್ದು ಎಲ್ಲರಿಗೂ ಕಂಡಿತು.

ಕೆಲವು ತಿಂಗಳ ನಂತರ ಬೆಂಗಳೂರಿನ ಒಂದು ಪ್ರಯೋಗಾಲಯದಿಂದ ಮುಂದಿನ ಪರೀಕ್ಷೆಯ ಫಲಿತಾಂಶ ಬಂತು. ಆ ರಸ ರೋಗಾಣುವನ್ನು ಕೊಲ್ಲುವ ಪ್ರಮಾಣದಲ್ಲೇ ಮನುಷ್ಯನ ಆರೋಗ್ಯವಂತ ಜೀವಕೋಶಗಳನ್ನೂ ಕೊಲ್ಲುತ್ತಿತ್ತು. ಓದುತ್ತಿದ್ದಂತೆ ನನಗೆ ಎದೆ ಹಗುರಾಯಿತು. ಮೇಡಂ ಮಾಡಿದ್ದೇ ಸರಿ ಎಂದಾಯಿತಲ್ಲ! ಓಡಿಹೋಗಿ ಹೇಳಿದೆ. ಅವರು ತಲೆಯೆತ್ತಿ ನೋಡಿ, "ಇದು ಆಗ ಗೊತ್ತಿದ್ದಿದ್ರೆ ಅವನ ಕಣ್ಣು ನೋಡ್ಕೊಂಡೇ ಬೇಡ ಅಂತಿದ್ದೆ ಕಣೇ. ಗೊತ್ತಿಲ್ದೇ ಬೇಡ ಅಂದೆ" ಅಂದರು. ಅಷ್ಟೇ. ಒಂದು ತಟ್ಟೆಯ ಮಾತನ್ನು ಇನ್ನೊಂದು ತಟ್ಟೆ ಸುಳ್ಳು ಮಾಡಿತ್ತು. ಕೊಳೆಯುತ್ತಿದ್ದ ಆ ಪಾದದ ಮೇಲೆ ಏನಾಗುತ್ತಿತ್ತೋ ಎರಡೂ ಹೇಳಲಾರವು ಎಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಆದರೂ ಹೇಳಬೇಕೆಂದು ನಂಗಲಿಗೆ ಹೋದರು. ಬಸ್ಸಿನಲ್ಲಿ ನಾನೂ ಜೊತೆಗಿದ್ದೆ. ತಮ್ಮನ ಹೆಂಡತಿ ಹೊಸ್ತಿಲ ಮೇಲೆ ನಿಂತೇ ಕೇಳಿಸಿಕೊಂಡಳು.

"ಹಂಗಾದ್ರೆ ಹಾಕದೇ ಇದ್ದಿದ್ದೇ ಒಳ್ಳೇದಾಯ್ತು ಅಂತ ಹೇಳೋಕ್ಕೆ ಬಂದ್ರಾ ವದಿನಾ?"

"ಅಲ್ಲಮ್ಮಾ..."

"ಅವರೇ ಇಲ್ಲ. ಇನ್ನು ಒಳ್ಳೇದು ಯಾರಿಗೆ?"

ಒಳಗೆ ಬನ್ನಿ ಅನ್ನಲಿಲ್ಲ. ವಾಪಸ್ಸು ಬರುವಾಗ ಮುಳಬಾಗಿಲು ದಾಟುವ ತನಕ ಮೇಡಂ ಕಿಟಕಿಯ ಕಂಬಿ ಹಿಡಿದೇ ಕೂತಿದ್ದರು.

ಸಂಶೋಧನೆಯನ್ನು ಅವರು ಬಿಡಲಿಲ್ಲ. ಆ ರಸದಲ್ಲಿ ರೋಗಾಣುವನ್ನು ಕೊಲ್ಲುವ ಅಂಶವೇ ಬೇರೆ, ಮನುಷ್ಯನನ್ನು ಕೊಲ್ಲುವ ಅಂಶವೇ ಬೇರೆ ಇರಬಹುದು ಎಂದು ಬೇರ್ಪಡಿಸಲು ನೋಡಿದರು. ಆದರೆ ಗಾಜಿನ ತಟ್ಟೆಯಲ್ಲಿ ಮತ್ತೆ ಮತ್ತೆ ಬೆಳೆಸಿದ ಆ ಶಿಲೀಂಧ್ರ ಬರಬರುತ್ತ ತನ್ನ ಗುಣವನ್ನೇ ಕಳೆದುಕೊಂಡಿತು. ಹೀಗಾಗುವುದುಂಟು. ಎಲೆಯೊಳಗೆ ಇದ್ದಾಗ ಮಾಡುತ್ತಿದ್ದ ಕೆಲಸವನ್ನು ಅದು ಎಲೆಯಿಲ್ಲದೆ ಮರೆತಿತ್ತು. ಅದೇ ಮರವನ್ನು ಹುಡುಕಲು ಹೊರಟೆವು. ನಂಗಲಿಯ ಆಚೆ ಹಾಳುಬಾವಿಗಳು ಒಂದೆರಡಲ್ಲ. ಕೆಲವನ್ನು ರಸ್ತೆ ಅಗಲ ಮಾಡುವಾಗ ಮುಚ್ಚಿದ್ದರು. ಸಿಕ್ಕಿದ ಅಂಕೋಲೆಗಳ ಎಲೆಗಳನ್ನೆಲ್ಲ ತಂದು ನೋಡಿದೆವು. ಆ ಬೂದು ಬಣ್ಣದ್ದು ಯಾವುದರಲ್ಲೂ ಬರಲಿಲ್ಲ. ಯಾವ ಬಾವಿ ಎಂದು ಕೇಳಲು ಅವನಿರಲಿಲ್ಲ.

ಆಮೇಲೆ ಮೇಡಂ ಭಾನುವಾರಗಳಲ್ಲಿ ಸಕ್ಕರೆ ನೋಡುವ ಚಿಕ್ಕ ಮೆಷಿನ್ ಹಿಡಿದು ಒಬ್ಬರೇ ನಂಗಲಿಗೆ ಹೋಗತೊಡಗಿದರು. ಹೆದ್ದಾರಿಯ ಪಕ್ಕ ಲಾರಿಗಳು ನಿಲ್ಲುವ ಕಡೆ ಟೀ ಅಂಗಡಿಯ ಬೆಂಚಿನ ಮೇಲೆ ಕೂತು, ಬಂದ ಡ್ರೈವರುಗಳಿಗೆ "ಚಪ್ಪಲಿ ಬಿಡಪ್ಪಾ, ಪಾದ ತೋರ್ಸು" ಅನ್ನುತ್ತಿದ್ದರು. ಅವರು ನಾಚಿಕೊಳ್ಳುತ್ತಿದ್ದರು. "ಏಮಮ್ಮಾ, ನೀವು ಡಾಕ್ಟರಾ?" ಎಂದು ಯಾರಾದರೂ ಕೇಳಿದರೆ, "ಇಲ್ಲಪ್ಪಾ, ಮೇಷ್ಟ್ರು" ಅನ್ನುತ್ತಿದ್ದರು. ಬೆರಳ ಸಂದಿಗಳನ್ನು ಬಿಡಿಸಿ ನೋಡಿ, ಗಾಯ ಕಂಡರೆ ಬೈದು ಆಸ್ಪತ್ರೆಗೆ ಅಟ್ಟುತ್ತಿದ್ದರು. ತಮ್ಮನ ಮನೆ ಅಲ್ಲಿಂದ ಕೂಗಿದರೆ ಕೇಳುವಷ್ಟು ಹತ್ತಿರ. ಅವರು ಆ ಕಡೆ ಹೋಗುತ್ತಿರಲಿಲ್ಲ, ಆ ಕಡೆಯಿಂದ ಯಾರೂ ಬರುತ್ತಲೂ ಇರಲಿಲ್ಲ. ಮೊದಮೊದಲು ನಾನೂ ಕೆಲವು ಸಲ ಜೊತೆಗೆ ಹೋಗಿದ್ದೆ. ನನ್ನ ಕೆಲಸ, ಮದುವೆ ಎಲ್ಲ ಆದ ಮೇಲೆ ಫೋನಿನಲ್ಲಷ್ಟೇ ಮಾತು. ನಿವೃತ್ತಿಯಾದ ಮೇಲೂ ಅವರು ಹೋಗುತ್ತಲೇ ಇದ್ದರು.

ಕಳೆದ ಚಳಿಗಾಲದಲ್ಲಿ ಮೇಡಂ ಮಲಗಿದಲ್ಲೇ ತೀರಿಕೊಂಡರು. ಹೃದಯ ನಿಂತಿತ್ತು. ತಿಥಿಯ ದಿನ ಸುಗಟೂರಿಗೆ ಹೋದಾಗ ಜಗಲಿಯ ಮೇಲೆ ಒಬ್ಬ ಹೆಂಗಸು ಕಂಬಕ್ಕೊರಗಿ ಕೂತಿದ್ದಳು. ಕೂದಲು ಬೆಳ್ಳಗಾಗಿತ್ತು. ಅವರ ತಮ್ಮನ ಹೆಂಡತಿ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಅವಳೇ ನನ್ನ ಗುರುತು ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು.

"ಪ್ರತಿ ಸಲಾನೂ ಕಿಟಕೀಲಿ ವದಿನಾನ ನೋಡ್ತಿದ್ದೆ ಕಣಮ್ಮಾ. ಬಿಸಿಲಲ್ಲಿ ಕೂತಿರೋರು. ಒಂದು ಲೋಟ ಮಜ್ಜಿಗೆ ಕೊಡೋಣ ಅನ್ಸೋದು... ಕಾಲು ಏಳ್ತಿರಲಿಲ್ಲ."

ನಾನು ಅವಳ ಕೈ ಹಿಡಿದುಕೊಂಡೆ.

"ನನಗೂ ಸಕ್ಕರೆ ಬಂದೈತೆ. ಹೋಗಿ ಅವರ ಮುಂದೆ ಕೂತ್ರೆ ನೋಡದೇ ಇರ್ತಿದ್ರಾ? ನೋಡ್ತಿದ್ರು. ಇವತ್ತು ಹೋಗ್ತೀನಿ, ಮುಂದಿನ ವಾರ ಹೋಗ್ತೀನಿ ಅಂದ್ಕೊಂಡೇ ಇದ್ದೆ."

ಒಳಗೆ ಎಲೆ ಹಾಕುತ್ತಿದ್ದರು, ಯಾರೋ ಊಟಕ್ಕೆ ಕರೆದರು. ಅವಳು ಏಳಲಿಲ್ಲ. ಸೀರೆಯ ಅಂಚನ್ನು ಸ್ವಲ್ಪ ಮೇಲೆತ್ತಿ, ನನ್ನ ಮುಖ ನೋಡದೆ, ತನ್ನ ಪಾದವನ್ನು ನನ್ನ ಕಡೆ ಚಾಚಿದಳು. ನಾನು ಕೆಳಗಿಳಿದು ಕೂತು ಅದನ್ನು ತೊಡೆಯ ಮೇಲಿಟ್ಟುಕೊಂಡೆ. ಹಿಮ್ಮಡಿ ಒಡೆದಿತ್ತು, ಗಾಯವಿರಲಿಲ್ಲ. ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತ, "ಇಲ್ಲಿ ಮುಟ್ಟಿದ್ರೆ ಗೊತ್ತಾಗುತ್ತಾ?" ಎಂದು ಕೇಳಿದೆ.

"ಇಲ್ಲ" ಅಂದಳು.

ಈಗ ತಿಂಗಳಿಗೊಮ್ಮೆ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ. ಸಕ್ಕರೆಯ ಬಗ್ಗೆ, ಮರಗಟ್ಟಿದ ಪಾದದ ಬಗ್ಗೆ ದಾರಿಯುದ್ದಕ್ಕೂ ಏನೇನೋ ಕೇಳುತ್ತಾಳೆ. ಮೇಡಂ ಇದ್ದಿದ್ದರೆ ಕೇಳಬಹುದಿತ್ತು.