ಮೇಲಿನ ಕೋಣೆಗೆ ಇನ್ಸುಲಿನ್

ಬೀದರಿನ ನಮ್ಮ ಮನೆಯ ಮೇಲಿನ ಕೋಣೆ ಅವ್ವನದು. ಅಲ್ಲಿ ಕೂತು ಬ್ಲೌಸ್ ಹೊಲಿಯುತ್ತಾಳೆ. ಅಪ್ಪ ಹೆಂಡತಿಯ ಹೆಸರು ಹಿಡಿದು ಕರೆದವನಲ್ಲ. ಅವನ ಬಾಯಲ್ಲಿ "ಮ್ಯಾಲಿನ ಖೋಲಿ" ಅಂದರೆ ಅವ್ವ. ಬಳಗವೆಲ್ಲ ಹಾಗೇ ಅನ್ನುತ್ತದೆ.

ಲಗ್ನದ ಬ್ಲೌಸುಗಳು ಬರುವುದು ಬೇಸಿಗೆಯಲ್ಲಿ, ಆ ಕೋಣೆ ರೊಟ್ಟಿಯ ಹಂಚಿನಂತೆ ಕಾಯುವುದೂ ಆಗಲೇ. ವರ್ಷವರ್ಷವೂ ಮಷೀನನ್ನು ಮೆಟ್ಟಿಲ ಕೆಳಗೆ ಇಳಿಸಿ, ತಲೆ ಬಗ್ಗಿಸಿ ಹೊಲಿದಳು. "ಒಂದ್ ಬ್ಯಾಸಗ್ಯಾರ ನನ್ನ ಖೋಲ್ಯಾಗ ಕುಂತು ಹೊಲಿಬೇಕು" ಎನ್ನುವುದೊಂದೇ ಅವಳ ಹಟ.

ಕೊನೆಗೆ ಊರ ಪಕ್ಕದ ಕೊಳಾರದ ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ ಮಾಡಿದ್ದ ಮಿಸ್ತ್ರಿ ಬಂದ. ಛತ್ತಿನ ಮೇಲೆ ದಪ್ಪ ಥರ್ಮಾಕೋಲ್ ಹಾಸಿ, ಸಿಮೆಂಟ್ ಎಳೆದು, ಒಡೆದ ಬಿಳಿ ಟೈಲ್ಸ್ ಕೂರಿಸಿದ. "ಇದಕ ಇನ್ಸುಲೇಶನ್ ಅಂತಾರ್ರಿ" ಎಂದ. ದಿನಾ ಹೊಟ್ಟೆಗೆ ಸೂಜಿ ಚುಚ್ಚಿಕೊಳ್ಳುವ ಅಪ್ಪನ ಕಿವಿಗೆ ಬಿದ್ದದ್ದು ತನಗೆ ಗೊತ್ತಿದ್ದ ಶಬ್ದ.

ಖುಷಿಗೆ ಔರಾದದ ಅಕ್ಕನಿಗೆ ಫೋನು ಹಚ್ಚಿದ. "ಮ್ಯಾಲಿನ ಖೋಲಿಗಿ ಇನ್ಸುಲಿನ್ ಕೊಡಿಸೀನಿ, ಅಕ್ಕಾ."

"ಅಯ್ಯ ಶಿವನ, ಈಗ ಹ್ಯಾಂಗದ?"

"ಒಮ್ಮಿಗೇ ತಣ್ಣಗಾಗ್ಯದ. ಮುಟ್ಟಿ ನೋಡಿದೆ, ಬಿಸಿ ಅನ್ನೋದೇ ಇಲ್ಲ."

ಆ ಕಡೆ ಫೋನು ಕಟ್ಟಾಯಿತು. ರೇಂಜ್ ಹೋಗಿರಬೇಕು ಎಂದುಕೊಂಡ ಅಪ್ಪ ಚಹಾ ಕುಡಿದ.

ಮರುದಿನ ಔರಾದದ ಬಸ್ಸಿಂದ ಅತ್ತೆ ಅಳುತ್ತ ಇಳಿದಳು. ಅವಳ ಫೋನು ಕೇಳಿ ಭಾಲ್ಕಿಯಿಂದ ಕಾಕಾನೂ ಬಂದ. ಬಾಗಿಲು ತೆರೆದವಳು ಅವ್ವ, ಕೊರಳಲ್ಲಿ ಅಳತೆ ಪಟ್ಟಿ.

"ನೀ ಎದ್ದೀ?" ಎಂದಳು ಅತ್ತೆ.

"ಮುಂಜಾನಿನೇ ಎದ್ದೀನ್ರಿ, ಅಕ್ಕಾ."

ಕಾಕಾ ಕೈಯಲ್ಲಿದ್ದ ಹೂಮಾಲೆಯನ್ನು ಬೆನ್ನ ಹಿಂದೆ ಸರಿಸಿ, ತಡವರಿಸಿ, "ಮಷೀನಿಗಿ ತಂದೀನ್ರಿ, ವೈನಿ" ಎಂದ. ಅವ್ವ ಅದನ್ನು ಮಷೀನಿಗೇ ಹಾಕಿದಳು.

ತಪ್ಪು ತಿಳಿದ ಮೇಲೆ ಅಪ್ಪನಿಗೆ ಮಂಗಳಾರತಿಯಾಯಿತು. ಬೈದು ದಣಿದ ಅತ್ತೆ, ಅಷ್ಟಕ್ಕೆಲ್ಲ ಕಾರಣವಾದ ಕೋಣೆ ನೋಡಲು ಮೇಲೆ ಹೋದಳು. ನಡುಮಧ್ಯಾಹ್ನ. ಗೋಡೆ ಮುಟ್ಟಿದಳು, ನೆಲ ಮುಟ್ಟಿದಳು, ಸೆರಗು ಹಾಸಿ ಮಲಗಿದಳು. ಸಂಜೆ ಎದ್ದು, "ಔರಾದದಾಗ ಉರಿ ಭಾಳ ಅದ. ಮಳಿ ಬರೋತನ ಇಲ್ಲೇ ಇರ್ತೀನಿ. ಆ ಮಷೀನಿಂದು ಖಟಖಟ ಒಂದ್ ತಗೀರಿ" ಎಂದಳು.

ಮಾಲೆ ಹಾಕಿಕೊಂಡ ಮಷೀನು ಮತ್ತೆ ಮೆಟ್ಟಿಲ ಕೆಳಗೆ ಇಳಿಯಿತು. ಅವ್ವ ಅದರ ಮುಂದೆ ಬಗ್ಗಿ ಕೂತು, ದಾರ ಪೋಣಿಸುವ ಮೊದಲು ಮಿಸ್ತ್ರಿಗೆ ಫೋನು ಮಾಡಿದಳು.

"ಭಾಯಿ, ಔರಾದಕ್ಕ ಹೋಗಿ ಕೆಲಸ ಮಾಡ್ತೀರೇನ್ರಿ? ನಾಳಿನೇ ಆದ್ರ ಚಲೋ."